ಶ್ರುತಿ ಎಷ್ಟು ಮಾರಾಯರೇ?

ಗಣೇಶ ಚೌತಿಗೆ ಇನ್ನು ಹದಿನೈದು ದಿನ ಇದೆ ಎನ್ನುವಾಗ ನಮ್ಮ ಕಡೆ ಎರಡು ವರ್ಗದ ಜನಕ್ಕೆ ನಿದ್ದೆ ಬರುವುದಿಲ್ಲ. ಮಳೆ ಬಿಡುವು ಕೊಡದೆ ಎರಡನೆಯ ಸಲದ ಔಷಧಿ ಹೊಡೆಯಲಾಗದ ಅಡಿಕೆ ತೋಟದವರು ಒಂದು ವರ್ಗ. ಊರ ಗಣಪತಿಯ ಪೆಂಡಾಲಿನಲ್ಲಿ ಈ ವರ್ಷ ತಾವೂ ಒಂದು ಹಾಡು ಹೇಳುವುದಾಗಿ ಸಮಿತಿಯವರಿಗೆ ಹೆಸರು ಕೊಟ್ಟುಬಿಟ್ಟವರು ಇನ್ನೊಂದು ವರ್ಗ. ತೋಟದ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವಾದರೂ ಇದೆ. ಹೆಸರು ಕೊಟ್ಟವರು ಮಾತ್ರ ಯಾವ ಹಾಡು ಎಂಬ ಚಿಂತೆ ಹೊತ್ತುಕೊಂಡು ನಮ್ಮ ಮನೆಯ ಜಗಲಿ ಹತ್ತುತ್ತಾರೆ.

ನಮ್ಮ ಮನೆಗೇ ಬರಲು ಕಾರಣ ಹಾರ್ಮೋನಿಯಂ. ನಾನು ಕಛೇರಿ ನುಡಿಸುವ ವಿದ್ವಾಂಸನೇನೂ ಅಲ್ಲ. ಚೌತಿ, ರಾಜ್ಯೋತ್ಸವ, ಸೊಸೈಟಿಯ ವಾರ್ಷಿಕ ಸಭೆ, ಶಾಲೆಯ ಗುರುವಂದನೆ, ಯಾರದೋ ಷಷ್ಟ್ಯಬ್ದಿ, ಇಂಥ ಕಡೆ ಮೊದಲ ಸಲ ಹಾಡುವವರ ಪಕ್ಕದಲ್ಲಿ ಕುಳಿತು ತಿದಿ ಒತ್ತುವವನು. ಬಂದವರನ್ನು ನಾನು ಮೊದಲು ಕೇಳುವುದು ‘ಶ್ರುತಿ ಎಷ್ಟು?’ ಎಂದು, ಅಂದರೆ ಯಾವ ಸ್ವರವನ್ನು ಆಧಾರವಾಗಿ ಹಿಡಿದು ಹಾಡುತ್ತೀರಿ ಎಂದು. ‘ಯಾವುದಾದರೂ ಆದೀತು’ ಎನ್ನುವವರೇ ಹೆಚ್ಚು. ‘ನೀವು ಹಿಡಿದುಕೊಂಡು ಹೋಗಿ, ನಾನು ಬಂದು ಸೇರಿಕೊಳ್ಳುತ್ತೇನೆ’ ಎಂದ ಧೀರರೂ ಇದ್ದಾರೆ. ಒಬ್ಬರು, ವೃತ್ತಿಯಲ್ಲಿ ಸರ್ವೇಯರ್, ‘ಗಂಟಲಿಗೂ ಅಳತೆ ಉಂಟೇ?’ ಎಂದು ಆಶ್ಚರ್ಯಪಟ್ಟರು.

ಉಂಟು. ಹಾರ್ಮೋನಿಯಂನ ಬಿಳಿ ಕೀಲಿ ಒಂದೊಂದೂ ಒಂದು ಮನೆ, ನಡುವಿನ ಕಪ್ಪು ಕೀಲಿ ಅರೆಮನೆ. ಗಂಡಸರಿಗೆ ಸಾಮಾನ್ಯವಾಗಿ ಒಂದು ಮನೆಯಿಂದ ಎರಡು ಮನೆಯವರೆಗೆ. ಹೆಂಗಸರಿಗೆ ಐದು, ಐದೂವರೆ, ಆರು. ಯಕ್ಷಗಾನದವರು ಇದನ್ನೇ ಬಿಳಿ ಒಂದು, ಕಪ್ಪು ಎರಡು ಎಂದು ಹಾರ್ಮೋನಿಯಂ ಮನೆಗಳ ಬಣ್ಣ ಹಿಡಿದು ಹೇಳುತ್ತಾರೆ. ಬಡಗಿನ ಮೇಳಗಳ ಆಟ ನೋಡಿ ಬೆಳೆದ ನಮ್ಮ ಹುಡುಗರಿಗೆ ಒಂದು ಭ್ರಮೆ ಇದೆ: ಶ್ರುತಿ ಏರಿದಷ್ಟೂ ಹಾಡುಗಾರ ದೊಡ್ಡವನು ಎಂದು. ಚೆಂಡೆಯ ಪೆಟ್ಟನ್ನು ಮೀರಿ ಗದ್ದೆಬಯಲಿನ ಕೊನೆಯ ಚಾಪೆಯವರೆಗೂ ಕೇಳಿಸಬೇಕಾಗಿದ್ದ ಕಾಲದ ಭಾಗವತರಿಗೆ ಏರುಶ್ರುತಿ ಹಿಡಿಯಲು ಕಾರಣವಿತ್ತು. ಎದುರಿಗೆ ಮೈಕು, ಎಡಬಲಕ್ಕೆ ಆಳೆತ್ತರದ ಸ್ಪೀಕರ್ ಇಟ್ಟುಕೊಂಡು ಮೂರೇ ಸಾಲು ಕುರ್ಚಿಗಳ ಮುಂದೆ ಹಾಡುವವನಿಗೆ ಅಂಥ ಯಾವ ತುರ್ತೂ ಇಲ್ಲ.

ಶ್ರುತಿ ಗೊತ್ತಾದ ಮಾತ್ರಕ್ಕೆ ಹಾಡು ಸಿಕ್ಕಿತು ಎನ್ನುವಂತೆಯೂ ಇಲ್ಲ. ಹೊಸಬರು ಹಾಡನ್ನು ಒಪ್ಪುವುದು ಪಲ್ಲವಿಯ ಚೆಂದಕ್ಕೆ ಮರುಳಾಗಿ. ಬಚ್ಚಲುಮನೆಯಲ್ಲಿ ಹೇಳಿಕೊಳ್ಳುವುದೂ ಪಲ್ಲವಿಯನ್ನೇ, ಬೈಕಿನಲ್ಲಿ ಗುನುಗುವುದೂ ಪಲ್ಲವಿಯನ್ನೇ. ಭಾವಗೀತೆಗೆ ಧಾಟಿ ಹಾಕುವವರ ರೂಢಿಯೋ, ಪಲ್ಲವಿಯನ್ನು ಮಧ್ಯಸ್ಥಾಯಿಯಲ್ಲಿ ನಯವಾಗಿ ಓಡಾಡಿಸಿ, ಚರಣ ಬಂದೊಡನೆ ಪಂಚಮದಿಂದ ಮೇಲಕ್ಕೆ ಎತ್ತುವುದು. ಹೆಬ್ರಿಯಿಂದ ಸೋಮೇಶ್ವರದವರೆಗೆ ಸಲೀಸಾಗಿ ಬಂದ ಬಸ್ಸು ಅಲ್ಲಿಂದ 14 ತಿರುವುಗಳ ಆಗುಂಬೆ ಘಾಟಿಗೆ ಮೂತಿ ಎತ್ತಿದ ಹಾಗೆ. ಬಸ್ಸಿಗಾದರೆ ಗೇರು ಬದಲಿಸುವ ಸೌಕರ್ಯವಿದೆ. ಹಾಡುವವರದು ಬರಿಯ ದೇಹ. ತಾರಷಡ್ಜ, ಅಂದರೆ ಮೇಲಿನ ಸ, ಹತ್ತಿರವಾದಂತೆ ಮೊದಲು ಹುಬ್ಬು ಏರುತ್ತದೆ, ಆಮೇಲೆ ಗಲ್ಲ, ಆಮೇಲೆ ಹಿಮ್ಮಡಿ. ಸ್ವರ ಒಂದು ಮಾತ್ರ ಇದ್ದಲ್ಲೇ ಇರುತ್ತದೆ.

ಹಾಗಾಗಿ ನಾನು ಪಲ್ಲವಿಯನ್ನು ಕೇಳಿಸಿಕೊಳ್ಳುವುದೇ ಇಲ್ಲ. ‘ಎರಡನೆಯ ಚರಣ ಹೇಳಿ’ ಎನ್ನುತ್ತೇನೆ. ಅರ್ಧಕ್ಕರ್ಧ ಜನರ ಹಾಡು ಅಲ್ಲಿಗೇ ಬದಲಾಗುತ್ತದೆ, ಏಕೆಂದರೆ ಆ ಚರಣದ ಸಾಹಿತ್ಯ ಅವರಿಗೆ ಬರುವುದಿಲ್ಲ. ಉಳಿದವರು ಹೇಳುತ್ತಾರೆ, ಮೇಲೆ ತಾಗದೆ ಕೆಮ್ಮುತ್ತಾರೆ, ‘ಮಳೆಗಾಲವಲ್ಲವೇ, ಸ್ವಲ್ಪ ಶೀತ’ ಎನ್ನುತ್ತಾರೆ. ಶ್ರುತಿ ಇಳಿಸಿ ನೋಡೋಣ ಎಂದರೆ ಚರಣವೇನೋ ಕೈಗೆಟಕುತ್ತದೆ. ಪಲ್ಲವಿ ಇಳಿದಿಳಿದು ಮಂದ್ರಕ್ಕೆ ಹೋಗಿ ಹೊಟ್ಟೆಯೊಳಗೇ ಉಳಿದುಬಿಡುತ್ತದೆ. ತಗಡಿನ ಚಪ್ಪರದ ಮೇಲೆ ಭಾದ್ರಪದದ ಮಳೆ ಸುರಿಯುವಾಗ ಮಂದ್ರದ ಸ್ವರವನ್ನು ಯಾರೂ ಕೇಳಿದ್ದಿಲ್ಲ. ಎರಡು ತುದಿಯೂ ಗಂಟಲಿಗೆ ಒಗ್ಗದ ಹಾಡನ್ನು ಅದು ಎಷ್ಟೇ ಇಷ್ಟದ್ದಾಗಿದ್ದರೂ ಬಚ್ಚಲುಮನೆಗೆ ಬಿಟ್ಟುಕೊಡುವುದು ಲೇಸು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಕೆಲವರು ಬೇಸರ ಮಾಡಿಕೊಂಡು ಕಾಫಿ ಕುಡಿಯದೆ ಎದ್ದು ಹೋಗುತ್ತಾರೆ.

ಈ ವಿಷಯದಲ್ಲಿ ಪುರಂದರದಾಸರದು ನೇರ ವ್ಯವಹಾರ. ಅವರು ಹುಟ್ಟಿದ್ದು ನಮ್ಮ ತೀರ್ಥಹಳ್ಳಿ ಬಳಿಯ ಆರಗದ ಸೀಮೆಯಲ್ಲೇ ಎಂದು ಸರಕಾರ ನೇಮಿಸಿದ ತಜ್ಞರ ಸಮಿತಿ ಹೇಳಿದ ಮೇಲೆ ನಾವು ಅವರ ಬಗ್ಗೆ ತುಸು ಸಲಿಗೆಯಿಂದಲೇ ಮಾತನಾಡುತ್ತೇವೆ. ಸಂಗೀತ ಕಲಿಯುವ ಮಕ್ಕಳಿಗೆ ಅವರ ಹೆಸರಿನಲ್ಲಿ ಮೊದಲು ಹೇಳಿಕೊಡುವ ಗೀತೆ ಮಲಹರಿ ರಾಗದ್ದು, ಗಣಪತಿಯನ್ನು ಕುರಿತದ್ದು. ಏರುವಾಗ ಐದೇ ಸ್ವರ. ನಿಷಾದವಂತೂ ಎಲ್ಲೂ ಇಲ್ಲ. ಮಕ್ಕಳ ಹಾಡಿಗೆ ಇದಕ್ಕಿಂತ ಹಗುರವಾದದ್ದು ಬೇಡ ಎನ್ನಿಸುತ್ತದೆ. ಆದರೆ ಅದು ಶುರುವಾಗುವುದೇ ಮ ಪ ದ ಸ ಸ ರಿ ಎಂದು. ಆರನೆಯ ಅಕ್ಷರಕ್ಕೆ ತಾರಸ್ಥಾಯಿಯ ರಿಷಭ! ಏರಬೇಕಾದದ್ದನ್ನು ಬಾಗಿಲಲ್ಲೇ ತೋರಿಸಿಬಿಡುತ್ತದೆ. ಮಗುವಿಗೆ ಅಲ್ಲಿ ತಾಗದಿದ್ದರೆ ಮೇಷ್ಟ್ರು ಆಗಲೇ ಶ್ರುತಿ ಇಳಿಸಿಕೊಡುತ್ತಾರೆ, ಮುಂದೆ ಮೋಸವಿಲ್ಲ. ನಮ್ಮ ಭಾವಗೀತೆಗಳ ಧಾಟಿಗೆ ಈ ಪ್ರಾಮಾಣಿಕತೆ ಇದ್ದಿದ್ದರೆ ನನ್ನ ಜಗಲಿಯ ಅರ್ಧ ಕೆಲಸ ಉಳಿಯುತ್ತಿತ್ತು.

ಶಿವಮೊಗ್ಗ ಜಿಲ್ಲೆಯ ಗಂಡಸರಿಗೆ ಇನ್ನೊಂದು ತೊಡಕಿದೆ, ಅಭಿಮಾನದ್ದು. ಹಿನ್ನೆಲೆ ಗಾಯನಕ್ಕೆ ಕನ್ನಡಿಗನೊಬ್ಬನಿಗೆ ಮೊದಲ ರಾಷ್ಟ್ರಪ್ರಶಸ್ತಿ ಬಂದದ್ದು ನಮ್ಮ ಜಿಲ್ಲೆಯ ಶಿವಮೊಗ್ಗ ಸುಬ್ಬಣ್ಣ ಅವರಿಗೆ, ‘ಕಾಡು ಕುದುರೆ’ ಹಾಡಿಗೆ. ಅವರು ವಕೀಲಿ ವೃತ್ತಿಯಲ್ಲಿದ್ದು ಹಾಡಿದವರು ಎಂಬುದು ನಮ್ಮವರಿಗೆ ಇನ್ನೂ ದೊಡ್ಡ ಧೈರ್ಯ: ವಕೀಲರು ಹಾಡಬಹುದಾದರೆ ಅಂಚೆ ಇಲಾಖೆಯವರೇಕೆ ಹಾಡಬಾರದು? ಹಾಗಾಗಿ ಪ್ರತಿ ವರ್ಷ ಒಬ್ಬರಾದರೂ ಆ ಕುದುರೆಯನ್ನು ಪೆಂಡಾಲಿಗೆ ಕರೆತರುತ್ತಾರೆ. ಎದೆಯನ್ನೂ ಗಂಟಲನ್ನೂ ಪೂರ್ತಿ ಬಿಚ್ಚಿ ಹಾಡಬೇಕಾದ ಹಾಡು ಅದು. ಅರೆಮನಸ್ಸಿನಲ್ಲಿ, ಯಾರಾದರೂ ನಕ್ಕಾರು ಎಂಬ ಅಂಜಿಕೆಯಲ್ಲಿ ಹಾಡಿದರೆ ಕುದುರೆ ಕೊಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಮೊದಲ ಸಲ ವೇದಿಕೆ ಹತ್ತುವವರಲ್ಲಿ ಆ ಅಂಜಿಕೆ ಇದ್ದೇ ಇರುತ್ತದೆ. ಜಿಲ್ಲೆಯ ಮೇಲಿನ ಅಭಿಮಾನವನ್ನು ಬೇರೆ ರೀತಿಯಲ್ಲಿ ತೋರಿಸಿ, ಜೋಗಕ್ಕೆ ಬಂದ ನೆಂಟರಿಗೆ ಊಟ ಹಾಕಿ ಎಂದು ನಾನು ಹೇಳುವುದುಂಟು.

ಎಲ್ಲರಿಗೂ ಗೊತ್ತಿರುವ ಹಾಡು ಒಳ್ಳೆಯದೋ, ಯಾರಿಗೂ ಗೊತ್ತಿಲ್ಲದ್ದು ಒಳ್ಳೆಯದೋ ಎಂಬುದು ಜಗಲಿಯಲ್ಲಿ ಮುಗಿಯದ ವಾದ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಮೈಸೂರು ಅನಂತಸ್ವಾಮಿಯವರ ಧಾಟಿ ಜನರ ಕಿವಿಯಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿದೆಯೆಂದರೆ, ಹಾಡುವವರು ಒಂದು ತಿರುವು ಬಿಟ್ಟರೆ ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು ಕೈಬೀಸಿ ತಿದ್ದುತ್ತಾರೆ. ಗೊತ್ತಿಲ್ಲದ ಹಾಡಾದರೆ ತಪ್ಪು ಯಾರಿಗೂ ತಿಳಿಯುವುದಿಲ್ಲ ನಿಜ. ಹಾಡೂ ಯಾರಿಗೂ ಬೇಕಾಗುವುದಿಲ್ಲ, ಪ್ರಸಾದದ ಸಾಲಿನ ಕಡೆ ತಲೆಗಳು ತಿರುಗುತ್ತವೆ. ನನ್ನ ಒಲವು ದೇವರನಾಮದ ಕಡೆಗೆ. ದಾಸರು ತಾವು ಹಾಡಿದ ಧಾಟಿಗಳಲ್ಲಿ ಹೆಚ್ಚಿನವು ಉಳಿದುಬಂದಿಲ್ಲ. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಹಾಡುತ್ತಾ ಬಂದಿದ್ದಾರೆ. ಸಾಹಿತ್ಯ ಎಲ್ಲರಿಗೂ ಗೊತ್ತು, ಧಾಟಿ ಯಾರ ಸ್ವತ್ತೂ ಅಲ್ಲ. ಹೊಸಬರಿಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಬೇಕೇ? ನಿವೃತ್ತ ಮೇಷ್ಟ್ರು ಕೈ ಎತ್ತಿದರೆ ‘ನಮ್ಮ ಅಜ್ಜಿ ಹೇಳುತ್ತಿದ್ದದ್ದು ಹೀಗೆ’ ಎಂದರೆ ಮುಗಿಯಿತು.

ಸಂದರ್ಭ ನೋಡಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ಸಾಗರದ ಕಡೆ ಒಂದು ಗೃಹಪ್ರವೇಶದಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಮನೆಯವರ ಭಾವಮೈದುನನೇ ನಿಂತು ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗೆ’ ಹಾಡಿದ. ಅದು ಅಜ್ಞಾನದ ಬಗ್ಗೆ, ಮನೆಯ ಬಗ್ಗೆ ಅಲ್ಲ ಎಂದು ಅವನು ಆಮೇಲೆ ಎಲ್ಲರಿಗೂ ವಿವರಿಸುತ್ತಿದ್ದ. ಗುತ್ತಿಗೆದಾರ ಮಾತ್ರ ಊಟಕ್ಕೆ ನಿಲ್ಲಲಿಲ್ಲ.

ಉದ್ದದ ಬಗ್ಗೆ ಸರಕಾರವೇ ಒಂದು ಮೇಲ್ಪಂಕ್ತಿ ಹಾಕಿಕೊಟ್ಟಿದೆ. ನಮ್ಮ ಕುಪ್ಪಳಿಯ ಕವಿಯ ನಾಡಗೀತೆಯನ್ನು ಎಷ್ಟು ಹೊತ್ತು ಹಾಡಬೇಕು ಎಂಬ ಚರ್ಚೆ ವರ್ಷಗಟ್ಟಲೆ ನಡೆದು, ಕಡೆಗೆ 2022ರಲ್ಲಿ 2 ನಿಮಿಷ 30 ಸೆಕೆಂಡು ಎಂದು ಆದೇಶವೇ ಹೊರಬಿತ್ತು. ನಾಡಿಗೆ ಸಾಲುವಷ್ಟು ಹೊತ್ತು ನಿಮಗೆ ಸಾಲದೇ ಎಂದು ಕೇಳಿದರೆ ಐದು ಚರಣದವರು ಎರಡಕ್ಕೆ ಒಪ್ಪುತ್ತಾರೆ.

ಇನ್ನು ಮೈಕ್ ಸೆಟ್ಟಿನ ಗುಂಯ್ ಎಂಬ ಸದ್ದು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಾನು ತೆಗೆದುಕೊಳ್ಳುತ್ತೇನೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ತಂತಿಯ ಜೋಡಣೆ ಸಡಿಲವಿದ್ದರೆ ಸ್ಪೀಕರು 50ರಲ್ಲೋ ಅದರ ಇಮ್ಮಡಿ 100ರಲ್ಲೋ ಗುಂಯ್‌ಗುಡುತ್ತದೆ. ಹಾರ್ಮೋನಿಯಂನಲ್ಲಿ ಅದಕ್ಕೆ ಮನೆಯೇ ಇಲ್ಲ. ಐದು ಮನೆಗಿಂತ ಸ್ವಲ್ಪ ಮೇಲೆ, ಐದೂವರೆಗಿಂತ ಕೆಳಗೆ, ಹೊಸ್ತಿಲ ಮೇಲೆ ನಿಂತಿರುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡುವ ಹೆಣ್ಣುಮಕ್ಕಳು ನನ್ನ ಸಣ್ಣ ಪೆಟ್ಟಿಗೆಯನ್ನು ಬಿಟ್ಟು ಆ ದೊಡ್ಡ ಸದ್ದಿನ ಹಿಂದೆ ಕೂದಲೆಳೆಯಷ್ಟು ಮೇಲೆ ಹೋಗಿಬಿಡುತ್ತಾರೆ, ಕೇಳುವವರಿಗೆ ಹಲ್ಲು ಚುಳ್ಳೆನ್ನುತ್ತದೆ. ಹಾಡು ತಡೆದುಕೊಳ್ಳುವಂತಿದ್ದರೆ ನಾನು ನಾಲ್ಕೂವರೆಗೆ ಇಳಿಸುತ್ತೇನೆ. ಮೈಕಿನವನಿಗೆ ಹೇಳಿ ತಂತಿ ಸರಿ ಮಾಡಿಸುವುದು ಇನ್ನೂ ಸುಲಭ ಎಂದು ನಿಮಗೆ ಅನ್ನಿಸಿದರೆ ನೀವು ನಮ್ಮ ಮೈಕಿನವನನ್ನು ನೋಡಿಲ್ಲ.

ನಡೆಯ ಮಾತೂ ಇದೆ. ನಿಧಾನದ ಹಾಡು ಸುಲಭ ಎಂದು ಹೊಸಬರು ತಿಳಿದಿರುತ್ತಾರೆ. ಸಾಲು ಉದ್ದವಾದಷ್ಟೂ ಉಸಿರು ಹೆಚ್ಚು ಬೇಕು, ಶ್ರುತಿ ಜಾರಲು ಸಮಯವೂ ಹೆಚ್ಚು ಸಿಗುತ್ತದೆ. ಅವಸರದ ಹಾಡಿನಲ್ಲಿ ನಾಲಗೆ ತೊಡರುತ್ತದೆ. ಎರಡರ ನಡುವಿನದನ್ನು ಆರಿಸಿಕೊಂಡರೂ ನಮ್ಮ ತಬಲದವರಿಗೆ ಒಂಬತ್ತೂಕಾಲಿನ ಕೊನೆಯ ಬಸ್ಸು ಹಿಡಿಯಬೇಕಾಗಿರುವುದರಿಂದ ಒಂಬತ್ತರ ಮೇಲಿನ ಹಾಡುಗಳೆಲ್ಲ ತಾವಾಗಿಯೇ ಚುರುಕಾಗುತ್ತವೆ.

ಸಾಹಿತ್ಯ ಬಾಯಿಗೆ ಬರಬೇಕು. ಮೊಬೈಲ್ ನೋಡಿಕೊಂಡು ಹಾಡುವವರ ತೆರೆ ಸರಿಯಾಗಿ ಚರಣದ ಹೊತ್ತಿಗೆ ಕಪ್ಪಾಗುತ್ತದೆ, ಇಲ್ಲವೇ ಮನೆಯಿಂದ ಫೋನು ಬರುತ್ತದೆ.

ಹಾಗಾದರೆ ಹಾಡು ಸಿಗುವುದು ಎಲ್ಲಿ? ನನ್ನ ಮಟ್ಟಿಗೆ ಉತ್ತರ ಅಡಿಕೆ ಸುಲಿಯುವ ಅಂಗಳದಲ್ಲಿದೆ. ಪಕ್ಕದ ಮನೆಯ ಅಕ್ಕನಿಗೆ ರಾಜ್ಯೋತ್ಸವದಲ್ಲಿ ಹಾಡುವ ಆಸೆ. ನಮ್ಮಲ್ಲಿ ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಆಗುವುದಿಲ್ಲ. ಅತಿಥಿಗಳು ಸಿಕ್ಕಿದ ದಿನ ಆಗುತ್ತದೆ, ಆ ವರ್ಷ ತಿಂಗಳ ಕೊನೆಗೆ ಹೋಗಿತ್ತು. ಆಕೆ ಆರಿಸಿದ್ದು ಸಿನಿಮಾದ ಒಂದು ವಿರಹಗೀತೆ, ಆರು ಮನೆ ಶ್ರುತಿಯದು, ಚರಣದಲ್ಲಿ ತಾರಸ್ಥಾಯಿಯ ಮಧ್ಯಮ. ಜಗಲಿಯಲ್ಲಿ ಹಾಡಿದರು, ಕೆಮ್ಮಿದರು, ಶೀತ ಎಂದರು. ಅದೇ ವಾರ ಅವರ ಮನೆಯಲ್ಲಿ ಕೊನೆಕೊಯ್ಲಾಗಿ ರಾತ್ರಿ ಸುಲಿತಕ್ಕೆ ನೆರೆಯವರೆಲ್ಲ ಸೇರಿದ್ದೆವು. ಅಕ್ಕ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕುಳಿತಿದ್ದರು. ಹಸಿ ಕಾಯನ್ನು ಅಲಗಿಗೆ ಒತ್ತುವುದು, ಸಿಪ್ಪೆ ಎಡಕ್ಕೆ, ಬೆಟ್ಟೆ ಬುಟ್ಟಿಗೆ. ಕಣ್ಣು ಕೂಡ ಕೈಯ ಮೇಲಿರಲಿಲ್ಲ. ಬಾಯಿಯಲ್ಲಿ ಒಂದು ಆರತಿ ಹಾಡು ತಾನೇ ತಾನಾಗಿ ನಡೆಯುತ್ತಿತ್ತು. ಒಂದು ಕಾಯಿಗೆ ಒಂದು ಆವರ್ತ. ಏರುವ ಕಡೆ ಏರಿತು, ಇಳಿಯುವ ಕಡೆ ಇಳಿಯಿತು, ಹುಬ್ಬು ಮಾತ್ರ ಅಲ್ಲಾಡಲಿಲ್ಲ. ನಾನು ಮೊಬೈಲಿನಲ್ಲಿ ತಂಬೂರಿ ಹಚ್ಚಿ ನೋಡಿದೆ, ನಾಲ್ಕೂವರೆ.

‘ಅಕ್ಕ, ಇದನ್ನೇ ಹಾಡಿ.’

‘ಇದನ್ನೇ? ಇದು ಹಾಡೇ ಅಲ್ಲವಲ್ಲ ತಮ್ಮಾ, ನಮ್ಮ ಅತ್ತೆ ಹೇಳುತ್ತಿದ್ದದ್ದು!’

ರಾಜ್ಯೋತ್ಸವಕ್ಕೆ ಆರತಿ ಹಾಡು ಹೇಗೆ ಹೊಂದುತ್ತದೆ ಎಂದು ಸಮಿತಿಯವರು ತಕರಾರು ತೆಗೆದರು. ಭುವನೇಶ್ವರಿಗೆ ಎತ್ತುವುದೂ ಆರತಿಯೇ ತಾನೇ ಎಂದು ನಾನು ವಾದಿಸಿ ಗೆದ್ದೆ. ಅಕ್ಕ ರೇಷ್ಮೆ ಸೀರೆ ಉಟ್ಟು, ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ತಡಬಡಿಸಿ, ಮೂರನೆಯ ಸಾಲಿಗೆ ಸೆರಗಿನ ತುದಿಯನ್ನು ಕಾಯಿ ಸುಲಿದಂತೆ ತಿರುಗಿಸುತ್ತಾ ಚೆನ್ನಾಗಿಯೇ ಹೇಳಿದರು. ಹೆಂಗಸರ ಸಾಲು ಜೊತೆಗೂಡಿತು.

ಹಾಡು ಚೆನ್ನಾಗಿ ಬಂದುಬಿಟ್ಟರೆ ಅದರದೇ ಒಂದು ಅಪಾಯವಿದೆ. ಸಮಿತಿಯ ಅಧ್ಯಕ್ಷರು ಮುಂದಿನ ಸಾಲಿನಿಂದ ‘ಇನ್ನೊಂದು ಆಗಲಿ’ ಎನ್ನುತ್ತಾರೆ. ಮೆಚ್ಚುಗೆ ಎಂದು ಹಾಡಿದವರು ತಿಳಿಯುತ್ತಾರೆ; ಮುಖ್ಯ ಅತಿಥಿಗಳು ಇನ್ನೂ ತೀರ್ಥಹಳ್ಳಿ ಬಿಟ್ಟಿಲ್ಲ ಎಂಬ ಫೋನು ಅಧ್ಯಕ್ಷರಿಗೆ ಬಂದಿರುತ್ತದೆ. ಆಗ ಹಾಡಿದವರು ಹೊರಗೆ ತೆಗೆಯುವುದು, ನನ್ನ ಜಗಲಿಯಲ್ಲಿ ಬೇಡವೆಂದು ಬದಿಗಿಟ್ಟಿದ್ದ ಆ ತಾರಮಧ್ಯಮದ ಹಾಡನ್ನೇ. ಅದಕ್ಕೆ ನಾನು ಚಪ್ಪಾಳೆ ನಿಲ್ಲುವ ಮೊದಲೇ ಪಟ್ಟಿಯಲ್ಲಿರುವ ಮುಂದಿನ ಹೆಸರನ್ನು ಮೈಕಿನಲ್ಲಿ ಕೂಗಿಬಿಡುತ್ತೇನೆ. ಪಟ್ಟಿಯಲ್ಲಿ ಅವರೇ ಕೊನೆಯವರಾಗಿದ್ದರೆ ಆ ತಾಪತ್ರಯವೂ ಇಲ್ಲ. ತಬಲದವರು ಆಗಲೇ ಬಸ್ ನಿಲ್ದಾಣ ಸೇರಿರುತ್ತಾರೆ.