ಡಬ್ಬಿ ಹಿಡಿದವರು

ಕಾಲೇಜಿನ ಹುಡುಗರು ಸಮಾಜ ಸೇವೆಗೆ ಇಳಿದರು ಅಂದರೆ ಮೊದಲು ಹುಡುಕುವುದು ಒಂದು ಖಾಲಿ ಡಬ್ಬಿಯನ್ನು. ಹಾಲಿನ ಪುಡಿಯದ್ದಾದರೆ ಒಳ್ಳೆಯದು, ಕೈಗೆ ಸರಿಯಾಗಿ ಕೂರುತ್ತದೆ. ಅದಕ್ಕೊಂದು ಬಿಳಿ ಹಾಳೆ ಸುತ್ತಬೇಕು. ಅಕ್ಷರ ಚೆನ್ನಾಗಿರುವ ಹುಡುಗಿಯೊಬ್ಬಳು ಸ್ಕೆಚ್ ಪೆನ್ನು ಹಿಡಿದು 'ನೆರೆ ಸಂತ್ರಸ್ತರ ಪರಿಹಾರ ನಿಧಿ' ಎಂದು ಬರೆಯಬೇಕು. 'ನೆರೆ' ಧಾರಾಳವಾಗಿ, ದಪ್ಪಗೆ ಶುರುವಾಗುತ್ತದೆ. 'ನಿಧಿ'ಗೆ ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಕೊನೆಗೆ ಮುಚ್ಚಳದಲ್ಲಿ ಚಾಕು ಕಾಯಿಸಿ ಒಂದು ಸೀಳು. ನಾಣ್ಯಕ್ಕೆ ಅದು ಸಾಕು. ನೂರರ ನೋಟು ಬಂದರೆ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ, ಪೆನ್ನಿನ ತುದಿಯಿಂದ ಒಳಗೆ ತಳ್ಳಬೇಕು. ನೂರರ ನೋಟು ಬರುತ್ತದೆ ಎಂದು ಸೀಳು ಕೊರೆದವನಿಗೂ ನಂಬಿಕೆ ಇರುವುದಿಲ್ಲ.

2009ರಲ್ಲಿ ನಾನೂ ಇಂಥ ಡಬ್ಬಿ ಹಿಡಿದಿದ್ದೆ. ಮೈಸೂರಿನಲ್ಲಿ ಆಗಷ್ಟೇ ದಸರೆ ಮುಗಿದಿತ್ತು. ಅತ್ತ ರಾಯಚೂರು, ಬಿಜಾಪುರ, ಬಾಗಲಕೋಟೆ ಕಡೆ ಮಳೆ ಸುರಿದು ಊರಿಗೆ ಊರೇ ನೀರಲ್ಲಿ ನಿಂತಿತ್ತು. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಮೇಷ್ಟ್ರು ನಮ್ಮನ್ನು ಗುಂಪು ಮಾಡಿ ಸಯ್ಯಾಜಿರಾವ್ ರಸ್ತೆಗೆ, ದೇವರಾಜ ಮಾರುಕಟ್ಟೆಗೆ ಕಳಿಸಿದರು. ಹೋಗುವ ಮುಂಚೆ ಅವರೇ ಒಂದಷ್ಟು ಚಿಲ್ಲರೆ ಹಾಕಿ ಬೋಣಿ ಮಾಡಿದರು. "ಖಾಲಿ ಡಬ್ಬಿ ಅಲ್ಲಾಡಿಸಿದ್ರೆ ಯಾರೂ ಹಾಕಲ್ಲ ಕಣ್ರೋ, ಒಳಗೆ ಸದ್ದು ಆಗ್ಬೇಕು" ಅಂದರು.

ಕೇಳುವುದು ಎಷ್ಟು ಕಷ್ಟ ಅಂತ ಗೊತ್ತಾಗುವುದು ಮೊದಲ ಅಂಗಡಿಯಲ್ಲೇ. ಕ್ಲಾಸಿನಲ್ಲಿ ಬಾಯಿ ಮುಚ್ಚದವನು ಅಲ್ಲಿ "ಸಾರ್... ಅದು... ನೆರೆ..." ಎನ್ನುತ್ತಾನೆ. ಅಂಗಡಿಯವರು ತಲೆ ಎತ್ತದೆ "ಮುಂದೆ ಹೋಗಪ್ಪಾ" ಅಂದುಬಿಡುತ್ತಾರೆ. ಆ ಮಾತನ್ನು ಬೇರೆಯವರಿಗೆ ಹೇಳುವುದನ್ನು ಎಲ್ಲರೂ ಕೇಳಿರುತ್ತೇವೆ, ನಾವೂ ಹೇಳಿರುತ್ತೇವೆ. ನಮಗೇ ಹೇಳಿದಾಗ ಕಿವಿ ಬಿಸಿಯಾಗುತ್ತದೆ. ನಮ್ಮ ಮುಖ ನೋಡಿ ಮೇಷ್ಟ್ರು ಗಾಂಧೀಜಿಯ ಕಥೆ ತೆಗೆದರು. ಹರಿಜನ ನಿಧಿಗಾಗಿ ಅವರು ತಮ್ಮ ಹಸ್ತಾಕ್ಷರಕ್ಕೂ 5 ರೂಪಾಯಿ ಇಸ್ಕೊಳ್ಳುತ್ತಿದ್ದರಂತೆ. ನಿಜವೇ. ಆದರೆ ನಮ್ಮ ಹಸ್ತಾಕ್ಷರ ಯಾರಿಗೆ ಬೇಕಿತ್ತು?

ಸ್ವಲ್ಪ ಹೊತ್ತಿಗೆ ನಾಚಿಕೆ ಬಿಡುತ್ತದೆ, ವ್ಯಾಪಾರ ಬುದ್ಧಿ ಬರುತ್ತದೆ. ಸಾಲಿನ ಮೊದಲ ಅಂಗಡಿಯವರು ಎಷ್ಟು ಹಾಕುತ್ತಾರೋ ಆ ಸಾಲಿಗೆಲ್ಲ ಅದೇ ರೇಟು. ಪಕ್ಕದವರು ಇಣುಕಿ ನೋಡಿ ಅಷ್ಟೇ ಹಾಕುತ್ತಾರೆ. ಹಾಗಾಗಿ ಯಾವ ಅಂಗಡಿಯಿಂದ ಶುರು ಮಾಡಬೇಕು ಎಂಬುದೇ ದೊಡ್ಡ ಚರ್ಚೆ. ಹೂವಿನವರು, ಬಾಳೆಹಣ್ಣಿನವರು ಬೇಗ ಹಾಕುತ್ತಿದ್ದರು. ದೊಡ್ಡ ಅಂಗಡಿಗಳಲ್ಲಿ ವಾಚ್‌ಮನ್ನನ್ನು ದಾಟುವುದೇ ಕಷ್ಟ. ಬಡವರದ್ದೇ ದೊಡ್ಡ ಮನಸ್ಸು ಅಂತ ಇದಕ್ಕೆ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಿಲ್ಲ. ಹೂವಿನವರ ಚಿಲ್ಲರೆ ಗೋಣಿತಾಟಿನ ಕೆಳಗೇ ಇರುತ್ತದೆ, ಕೈ ಹಾಕಿದರೆ ಸಿಗುತ್ತದೆ. ದೊಡ್ಡ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಬೀಗದ ಕೈ ಸಾಹುಕಾರರ ಹತ್ತಿರ, ಸಾಹುಕಾರರು ಊಟಕ್ಕೆ ಹೋಗಿರುತ್ತಾರೆ. ಔದಾರ್ಯಕ್ಕೂ ಚಿಲ್ಲರೆ ಹತ್ತಿರ ಇರಬೇಕು.

ಸಂಜೆ ಸ್ಟಾಫ್ ರೂಮಿನ ಮೇಜಿನ ಮೇಲೆ ಡಬ್ಬಿಗಳನ್ನು ಬೋರಲು ಹಾಕುತ್ತಿದ್ದೆವು. ನಾಣ್ಯದ ವಾಸನೆ, ಮಲ್ಲಿಗೆಯ ವಾಸನೆ, ಸ್ವಲ್ಪ ಅರಿಶಿನ. ಟೇಪು ಅಂಟಿಸಿದ ಹತ್ತರ ನೋಟು, ಅಂಗಿಯ ಗುಂಡಿ, ಸಿಟಿ ಬಸ್ಸಿನ ಟಿಕೆಟ್ಟು. ಯಾರೂ ತೆಗೆದುಕೊಳ್ಳದ ಸವಕಲು ನಾಣ್ಯಗಳೆಲ್ಲ ಸಂತ್ರಸ್ತರ ಪಾಲಿಗೆ ಬಂದಿರುತ್ತಿದ್ದವು. ಮಾರನೇ ದಿನ ಆ ಚಿಲ್ಲರೆಯ ಚೀಲ ನೋಡಿ ಬ್ಯಾಂಕಿನ ಕ್ಯಾಷಿಯರ್ ಮುಖದಲ್ಲಿ ಮೂಡುವ ಭಾವವೂ ನೆರೆ ಸಂತ್ರಸ್ತರದ್ದೇ. ಆಮೇಲೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಡಿಡಿ, ಅದರ ಜೊತೆ ಒಂದು ಫೋಟೋ. ಡಿಡಿ ಗೇಣುದ್ದ. ಅದನ್ನು ಹಿಡಿದ ಕೈಗಳು ಮಾತ್ರ ಲೆಕ್ಕಕ್ಕಿಲ್ಲ.

ಇಷ್ಟಕ್ಕೂ ನಾವೆಲ್ಲ ಯಾಕೆ ಎನ್ನೆಸ್ಸೆಸ್ ಸೇರಿದ್ದೆವು? ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಇದು ಶುರುವಾಯಿತು. ಆಗಿನ ಕೇಂದ್ರ ಶಿಕ್ಷಣ ಮಂತ್ರಿ ನಮ್ಮ ಬಳ್ಳಾರಿಯ ಸಂಸದರೇ ಆಗಿದ್ದ ವಿ.ಕೆ.ಆರ್.ವಿ. ರಾವ್. ಓದುವ ಮಕ್ಕಳು ಊರಿನ ಕಷ್ಟ ಸುಖ ನೋಡಲಿ ಎಂಬುದು ಹಿರಿಯರ ಆಸೆ. ನಮ್ಮ ಆಸೆಗಳು ಬೇರೆ ಇದ್ದವು. ಒಬ್ಬನಿಗೆ ಸರ್ಟಿಫಿಕೇಟು ಬೇಕಿತ್ತು. ಇನ್ನೊಬ್ಬನಿಗೆ ಮಧ್ಯಾಹ್ನದ ಲ್ಯಾಬು ತಪ್ಪಬೇಕಿತ್ತು. ಮತ್ತೊಬ್ಬ ಸೇರಿದ್ದು ಸ್ಕೆಚ್ ಪೆನ್ನಿನ ಹುಡುಗಿ ಸೇರಿದ್ದಾಳೆ ಅಂತ. ಬ್ಯಾಡ್ಜಿನಲ್ಲಿ ಕೋನಾರ್ಕದ ರಥಚಕ್ರ ಇದೆ. ಅದರ ಎಂಟು ಅರಗಳು ದಿನದ 24 ಗಂಟೆಗಳಂತೆ, ಅಷ್ಟೂ ಹೊತ್ತು ಸೇವೆಗೆ ಸಿದ್ಧ ಅಂತ ಅರ್ಥ. ಅದನ್ನು ಎದೆಗೆ ಚುಚ್ಚಿಕೊಂಡವನು ಶಿಬಿರದಲ್ಲಿ ಬೆಳಗ್ಗೆ ಎಂಟಾದರೂ ಕಂಬಳಿಯಿಂದ ಹೊರಗೆ ಬರುತ್ತಿರಲಿಲ್ಲ. ವರ್ಷಕ್ಕೆ 120 ಗಂಟೆ ಸೇವೆ ಆಗಬೇಕು ಅನ್ನುವ ನಿಯಮ. ಅದರಲ್ಲಿ ಮುಖ್ಯ ಅತಿಥಿಗಳಿಗಾಗಿ ಕಾದ ಗಂಟೆಗಳೂ ಸೇರುತ್ತಿದ್ದವು. ಸೇರಲೇಬೇಕು ಬಿಡಿ, ಅದೂ ಸೇವೆಯೇ ಅಲ್ವಾ?

ಆದರೆ ಒಂದು ಮಾತು. ಲ್ಯಾಬು ತಪ್ಪಿಸಲು ಬಂದವನೂ ಶಾಲೆಯ ಅಂಗಳದ ಕಾಂಗ್ರೆಸ್ ಗಿಡ ಕಿತ್ತ, ಕೈಯೆಲ್ಲ ತುರಿಸಿಕೊಂಡ. ಗಿಡಕ್ಕೆ ಅವನು ಯಾಕೆ ಬಂದ ಅಂತ ಗೊತ್ತಾಗುವುದಿಲ್ಲ. ಉದ್ದೇಶ ಶುದ್ಧವಾಗಿರಬೇಕು ಅಂತ ಕಾದು ಕೂತಿದ್ದರೆ ನಮ್ಮ ಕಾಲೇಜಿನಿಂದ ಒಂದು ಡಬ್ಬಿಯೂ ಹೊರಡುತ್ತಿರಲಿಲ್ಲ.

ನೆರೆಯ ದಿನಗಳಲ್ಲಿ ಹಳೇ ಬಟ್ಟೆಯನ್ನೂ ಕೇಳಿದ್ದೆವು. ಅದು ಇನ್ನೊಂದು ನೆರೆಯಾಗಿ ಬಂತು. ಜಿಪ್ಪು ಹೋದ ಪ್ಯಾಂಟು, ಒಂಟಿ ಕಾಲುಚೀಲ, ಸೀರೆಯಿಲ್ಲದ ರವಿಕೆಗಳು, ಯಾರದ್ದೋ ಮದುವೆಯ ಕೋಟು. ಮನೆಯ ಬೀರು ಖಾಲಿ ಮಾಡಲು ಜನ ಯಾವುದೋ ಊರು ಮುಳುಗಲಿ ಅಂತ ಕಾಯುತ್ತಿದ್ದರೇನೋ ಅನ್ನಿಸಿತು. ಆ ರಾಶಿಯ ನಡುವೆ ವಯಸ್ಸಾದ ಹೆಂಗಸೊಬ್ಬರು ಒಂದು ಚಿಕ್ಕ ಕೈಚೀಲ ತಂದುಕೊಟ್ಟರು. ಒಗೆದು ಮಡಚಿದ ಎರಡು ಸೀರೆ, ಜೊತೆಗೆ ಅದೇ ಬಣ್ಣದ ರವಿಕೆ, ಲಂಗ, ಹೊಸ ಟವೆಲ್ಲು. ಅಡಿಯಲ್ಲಿ ಕಾಗದದಲ್ಲಿ ಸುತ್ತಿದ ಸೂಜಿ, ದಾರದ ಉಂಡೆ. "ರವಿಕೆ ಅಳತೆ ಎಲ್ಲರಿಗೂ ಆಗಲ್ಲ ಕಣಪ್ಪಾ, ಹಿಡಿಸಿಕೊಳ್ಳಲಿ ಅಂತ ಹಾಕಿದೀನಿ" ಅಂದರು. ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಆ ಚೀಲವನ್ನು ರಾಶಿಗೆ ಸೇರಿಸದೆ ಹಾಗೇ ಕಳಿಸಿದೆವು.

ಈಗಿನ ಹುಡುಗರ ಕೈಯಲ್ಲಿ ಡಬ್ಬಿ ಕಮ್ಮಿ. ಕೊರಳಿಗೆ ಕ್ಯೂಆರ್ ಕೋಡ್ ತೂಗುಹಾಕಿಕೊಂಡು "ಅಂಕಲ್, ಸ್ಕ್ಯಾನ್ ಮಾಡಿ" ಅನ್ನುತ್ತಾರೆ. 'ಚಿಲ್ಲರೆ ಇಲ್ಲ' ಎಂಬ ಹಳೇ ನೆಪ ಸತ್ತಿತು, 'ನೆಟ್ ಇಲ್ಲ' ಹುಟ್ಟಿತು. ಲೆಕ್ಕ ಚೊಕ್ಕಟವಾಯಿತು, ಅದು ಒಳ್ಳೆಯದೇ. ಆದರೆ ಮುಷ್ಟಿ ಮುಚ್ಚಿ ಎಂಟಾಣೆ ಹಾಕಿ ಹೋಗುವವರಿಗೆ ಮಾತ್ರ ಕಷ್ಟ. ಈಚೆಗೆ ಒಂದು ಕಾಲೇಜಿನ ಮಕ್ಕಳು ಬಸ್ ಸ್ಟ್ಯಾಂಡ್ ಹತ್ತಿರ ಮೇಜು ಹಾಕಿ, ಅದರ ಮೇಲೆ ಬೇಕರಿಯಲ್ಲಿ ಇರುತ್ತಲ್ಲ, ಅಂಥ ಮಾತಾಡುವ ಪೆಟ್ಟಿಗೆಯನ್ನೇ ಇಟ್ಟಿದ್ದರು. ಮುಂದೆ ಇದ್ದವರು ಸದ್ದಿಲ್ಲದೆ ದುಡ್ಡು ಕಳಿಸಿದರು. ಪೆಟ್ಟಿಗೆ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ "ಐದು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೂಗಿತು. ಹಿಂದೆ ನಿಂತಿದ್ದ ನಾವೆಲ್ಲ ಫೋನಿನಲ್ಲಿ ಒತ್ತಿಟ್ಟುಕೊಂಡಿದ್ದ ಮೊತ್ತವನ್ನು ಅಳಿಸಿ ಹೊಸದಾಗಿ ಒತ್ತಿದೆವು.