ಆ ಚಿನ್ನದ ಲೇಸರ್ ಮೆಸೇಜ್ ಬಗ್ಗೆ ಒಂದು ಸ್ಪಷ್ಟನೆ

ಡೊಂಬಿವಲಿಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿರುವ ಮೆಸೇಜ್ ಇದು: ಝವೇರಿ ಬಜಾರಿನ ಅಂಗಡಿಯಲ್ಲಿ ಒಡವೆ ನೋಡುವ ಮಶೀನು ಲೇಸರ್ ಮಾಸ್ ಸ್ಪೆಕ್ಟ್ರೋಮೀಟರ್ ಅಂತೆ, ಚಿನ್ನಕ್ಕೆ ಒಂದು ಗೀರೂ ಬೀಳುವುದಿಲ್ಲವಂತೆ. ಎರಡು ಬೇರೆ ಮಶೀನುಗಳನ್ನು ಕಲಸಿಬಿಟ್ಟಿದ್ದಾರೆ.

ಅಂಗಡಿಯ ಆ ಡಬ್ಬಿಯಂಥ ಮಶೀನಿನಲ್ಲಿ ಸಾಮಾನ್ಯವಾಗಿ ಇರುವುದು ಎಕ್ಸ್-ರೇ. ಅದರಿಂದ ಒಡವೆಗೆ ಏನೂ ಆಗುವುದಿಲ್ಲ, ನಿಜ. ಆದರೆ ಅದು ನೋಡುವುದು ಮೇಲಿನ ಪದರ ಮಾತ್ರ, ದಪ್ಪ ಗಿಲೀಟು ಇದ್ದರೆ ಮೋಸ ಹೋಗುತ್ತದೆ.

ಮೆಸೇಜಿನಲ್ಲಿ ಹೇಳಿದ ಲೇಸರ್ ಮಾಸ್ ಸ್ಪೆಕ್ಟ್ರೋಮೀಟರ್ ಬೇರೆಯೇ, ಅದರ ವಿಧಾನಕ್ಕೆ ಲೇಸರ್ ಅಬ್ಲೇಶನ್ ಅನ್ನುತ್ತಾರೆ. ಲೇಸರ್ ಏಟಿಗೆ ಗಟ್ಟಿ ವಸ್ತುವಿನ ಒಂದಿಷ್ಟು ಧೂಳಾಗಿ ಏಳುತ್ತದೆ, ಹೀಲಿಯಂ ಅದನ್ನು ಹೊತ್ತುಕೊಂಡು ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾಕ್ಕೆ (ವಿದ್ಯುತ್ ಹರಿಯಬಲ್ಲ ಅನಿಲಕ್ಕೆ) ಒಯ್ಯುತ್ತದೆ, ಅಲ್ಲಿ ಅದು ಅಯಾನುಗಳು, ಅಂದರೆ ವಿದ್ಯುತ್ ಆವೇಶದ ಕಣಗಳು, ಆಗುತ್ತದೆ, ಆಮೇಲೆ ಅವುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತಾರೆ. ಅಂದರೆ ಗುಳಿ ಬಿದ್ದೇ ಬೀಳುತ್ತದೆ! ಹೆಚ್ಚಾಗಿ 10ರಿಂದ 100 ಮೈಕ್ರಾನ್ ಅಗಲ, ತಲೆಕೂದಲಿನ ದಪ್ಪದ ಆಸುಪಾಸು, ಹಾಗಾಗಿ ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ ಅಷ್ಟೇ.

ಇದರ ಜಾಣತನ ಕ್ಯಾರೆಟ್ ಹೇಳುವುದರಲ್ಲಿ ಇಲ್ಲ. ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಮ್ಮಿ ಇರುವ ಧಾತುವನ್ನೂ ಇದು ಹಿಡಿಯುತ್ತದೆ. ಅದೂ ಲೆಕ್ಕ ಗೊತ್ತಿರುವ ಮಾದರಿಗೆ ಹೋಲಿಸಿದರೆ ಮಾತ್ರ ಅಂಕಿಗೆ ಬೆಲೆ. ಕಲ್ಲು, ಗಾಜಿನಲ್ಲಿ ಏನೇನಿದೆ ಎಂದು ಅಧ್ಯಯನ ಮಾಡುವವರಿಗೆ ಇದು ಜಾಸ್ತಿ ಬೇಕು.

ಮೆಸೇಜನ್ನು ಇಲ್ಲಿ ಮೊದಲು ಹಾಕಿದವನು ನಾನೇ. ಅಳಿಸಿದ್ದೇನೆ, ನೀವೂ ಅಳಿಸಿ.