ಬ್ಯಾಂಕ್ ಉತ್ತರ ಕೊಡದಿದ್ದರೆ ನಷ್ಟ ಯಾರಿಗೆ?

ಸಾಲದ ಅರ್ಜಿ ವಾಪಸ್ ಬಂದಾಗ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯುವ ರೂಢಿ ನಮ್ಮ ಕಡೆ ಇಲ್ಲ. ‘ನಿಮ್ಮ ಸಿಬಿಲ್ ಸರಿಯಿಲ್ಲ ಸರ್’ ಎಂದು ಬ್ಯಾಂಕಿನವರು ಹೇಳಿದರೆ ಮುಗಿಯಿತು, ಎದ್ದು ಬರುತ್ತೇವೆ. ಕಾರಣ ತಿಳಿಸಬೇಕೆಂಬ ಕಟ್ಟಳೆ ಭಾರತದಲ್ಲೂ ಇದೆ, ಆದರೆ ಅದನ್ನು ಕೇಳುವವರೇ ಕಡಿಮೆ. ಅಮೆರಿಕದಲ್ಲಿ ಬದುಕು ಕಟ್ಟಿಕೊಂಡಿರುವ ನನಗೆ ಇಲ್ಲಿನ ಸಾಲದ ವ್ಯವಸ್ಥೆಯಲ್ಲಿ ಹಿಡಿಸದ ಸಂಗತಿಗಳು ಬೇಕಾದಷ್ಟಿವೆ. ಆದರೂ ಅರ್ಜಿ ತಳ್ಳಿಹಾಕಿದವರು ಗ್ರಾಹಕನಿಗೆ ತಿಳಿಸಲೇಬೇಕೆಂದು ಇಲ್ಲಿನ ಕಾನೂನು ಹಿಡಿಯುವ ಪಟ್ಟು ನನಗೆ ತುಂಬ ಮೆಚ್ಚುಗೆ.

ಬಂದ ಹೊಸತರಲ್ಲಿ ನನಗೂ ಅಂಥದೊಂದು ಕಾಗದ ಬಂದಿತ್ತು. ಅದರಲ್ಲಿ ನನ್ನ ಸ್ಕೋರ್ ಇತ್ತು, ಆ ಸ್ಕೋರ್ ತೆಗೆದ ದಿನಾಂಕ ಇತ್ತು, ನನ್ನ ಸಾಲದ ಚರಿತ್ರೆಯ ವರದಿ ಕೊಟ್ಟ ಏಜೆನ್ಸಿಯ ಹೆಸರು, ವಿಳಾಸ ಇತ್ತು. ಕೆಳಗೆ ಕಾರಣಗಳು: ಖಾತೆಗಳು ತೀರಾ ಹೊಸವು, ಖಾತೆಗಳ ಸಂಖ್ಯೆ ಸಾಲದು. ಅದರ ಕೆಳಗೆ ಇನ್ನೂ ಮುಖ್ಯವಾದ ಮಾತು: ಈ ತೀರ್ಮಾನ ಏಜೆನ್ಸಿಯದಲ್ಲ; 60 ದಿನದೊಳಗೆ ಕೇಳಿದರೆ ನಿಮ್ಮ ವರದಿ ಉಚಿತ; ತಪ್ಪಿದ್ದರೆ ತಕರಾರು ಸಲ್ಲಿಸಬಹುದು. ಈ ಏಜೆನ್ಸಿಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎನ್ನುವುದು ನನಗೆ ಸ್ಪಷ್ಟವಾದದ್ದೇ ಆ ಒಂದು ಹಾಳೆಯಿಂದ.

ಏಜೆನ್ಸಿ ಸಾಲ ಕೊಡುವುದೂ ಇಲ್ಲ, ನಿರಾಕರಿಸುವುದೂ ಇಲ್ಲ. ಯಾರ ಬಾಕಿ ಎಷ್ಟು, ಕಂತು ಎಷ್ಟು ದಿನ ತಡವಾಯಿತು ಎಂದು ಬ್ಯಾಂಕುಗಳು ಕಳಿಸಿದ ಮಾಹಿತಿಯನ್ನು ಒಬ್ಬೊಬ್ಬರ ಹೆಸರಿನಲ್ಲಿ ಕೂಡಿಡುತ್ತದೆ, ಕೇಳಿದ ಬ್ಯಾಂಕಿಗೆ ಮಾರುತ್ತದೆ. ಆ ಮಾಹಿತಿಯ ಮೇಲೆ ಲೆಕ್ಕ ಹಾಕಿ ತೆಗೆದದ್ದು ಸ್ಕೋರ್. ಇಲ್ಲಿ ಹೆಚ್ಚು ಚಲಾವಣೆಯಲ್ಲಿರುವ ಫೈಕೋ ಸ್ಕೋರ್ 1989ರಲ್ಲಿ ಬಂದದ್ದು. ಅದರಲ್ಲಿ ಶೇ 35ರಷ್ಟು ತೂಕ ಹೊತ್ತಿಗೆ ಸರಿಯಾಗಿ ಕಟ್ಟಿದ್ದೀರಾ ಎನ್ನುವುದಕ್ಕೆ, ಶೇ 30 ಎಷ್ಟು ಬಾಕಿ ಇಟ್ಟುಕೊಂಡಿದ್ದೀರಿ ಎನ್ನುವುದಕ್ಕೆ. ಸಂಬಳಕ್ಕೆ ಅದರಲ್ಲಿ ಜಾಗವೇ ಇಲ್ಲ. ಭಾರತದಲ್ಲಿ ಇಂಥದೇ ಏಜೆನ್ಸಿಯಾದ ಸಿಬಿಲ್ ಹುಟ್ಟಿದ್ದು 2000ದಲ್ಲಿ, ಇಂಥ ಕಂಪನಿಗಳಿಗೆ ಕಾನೂನು ಬಂದದ್ದು 2005ರಲ್ಲಿ. ಈಗ ಅದರ ಜೊತೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಕೂಡ ಇವೆ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಆದರೂ ನಮ್ಮವರು ಮೊಬೈಲಿನಲ್ಲಿ 750 ದಾಟಿದೆಯೇ ಎಂದು ಸ್ಕೋರ್ ನೋಡಿ ಸುಮ್ಮನಾಗುತ್ತಾರೆ. ವರದಿಯ ಸಾಲುಗಳನ್ನು ಓದುವುದಿಲ್ಲ. ತಪ್ಪು ಅಡಗಿರುವುದು ಆ ಸಾಲುಗಳಲ್ಲಿ.

ನನ್ನ ಸೋದರಮಾವನ ಮಗನ ಸಂಗತಿಯನ್ನೇ ನೋಡಿ. ಬೈಕಿನ ಸಾಲ ತೀರಿಸಿ, ಬಾಕಿ ಇಲ್ಲವೆಂಬ ಪತ್ರವನ್ನೂ ಪಡೆದು ಫೈಲಿನಲ್ಲಿ ಇಟ್ಟುಕೊಂಡಿದ್ದ. ಮನೆ ಸಾಲಕ್ಕೆ ಹೋದಾಗ ವರದಿಯಲ್ಲಿ ಆ ಬೈಕಿನ ಸಾಲ ಇನ್ನೂ ಬಾಕಿ ಎಂದೇ ಇತ್ತು. ಏಜೆನ್ಸಿಗೆ ಬರೆದ. ಸಾಲ ಕೊಟ್ಟವರು ಖಚಿತಪಡಿಸದೆ ತಿದ್ದಲಾಗದು ಎಂಬ ಉತ್ತರ ಬಂತು. ಸಾಲ ಕೊಟ್ಟ ಕಂಪನಿಯ ಶಾಖೆಗೆ ಹೋದರೆ ಮುಖ್ಯ ಕಚೇರಿಯನ್ನು ಕೇಳಿ ಎಂದರು. ಕೈಯಲ್ಲಿ ಪುರಾವೆ ಹಿಡಿದುಕೊಂಡ ಮನುಷ್ಯ ಹೀಗೆ ಅಲೆಯಬೇಕಾದದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಏಜೆನ್ಸಿ ಹೇಳಿದ್ದು ಸುಳ್ಳಲ್ಲ. 2005ರ ಕಾನೂನಿನ 21ನೇ ಸೆಕ್ಷನ್ ಇರುವುದೇ ಹಾಗೆ: ಸಾಲ ಕೊಟ್ಟ ಸಂಸ್ಥೆ ಸರಿ ಎಂದು ಪ್ರಮಾಣೀಕರಿಸಿದ ಮೇಲಷ್ಟೇ ತಿದ್ದುಪಡಿ. ಅಮೆರಿಕದ 1970ರ ಕಾನೂನಿನ ದಾರಿ ಇದಕ್ಕೆ ಪೂರ್ತಿ ಉಲ್ಟಾ. ತಕರಾರು ಬಂದ ಮೇಲೆ ಏಜೆನ್ಸಿ ಸಾಮಾನ್ಯವಾಗಿ 30 ದಿನದೊಳಗೆ ವಿಚಾರಿಸಬೇಕು. ಅಷ್ಟರಲ್ಲಿ ಮಾಹಿತಿ ನಿಜವೆಂದು ದೃಢಪಡದಿದ್ದರೆ ಅದನ್ನು ವರದಿಯಿಂದ ಅಳಿಸಬೇಕು. ಇಲ್ಲಿ ಬ್ಯಾಂಕ್ ಬಾಯಿ ಬಿಡದಿದ್ದರೆ ಗ್ರಾಹಕ ಗೆಲ್ಲುತ್ತಾನೆ, ಅಲ್ಲಿ ಬ್ಯಾಂಕ್ ಗೆಲ್ಲುತ್ತದೆ. ಎರಡೂ ದೇಶಗಳ ನಡುವೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು. ಉಳಿದದ್ದೆಲ್ಲ ಇದರ ಮುಂದೆ ಸಣ್ಣದು.

ಹಾಗೆಂದು ಅಮೆರಿಕವನ್ನು ಹಾಡಿ ಹೊಗಳಲಾರೆ. ಪುಟಗಟ್ಟಲೆ ಬರೆದ ತಕರಾರು ಕಂಪ್ಯೂಟರಿನಲ್ಲಿ ಒಂದು ಸಂಕೇತ ಸಂಖ್ಯೆಯಾಗಿ ಬ್ಯಾಂಕಿಗೆ ಹೋಗುತ್ತದೆ, ಅಲ್ಲಿ ಯಾರೋ ತಮ್ಮ ದಾಖಲೆಗೆ ತಾಳೆ ನೋಡಿ ‘ಸರಿಯಿದೆ’ ಎಂದು ಒತ್ತಿಬಿಡುವುದೂ ಉಂಟು. 2017ರಲ್ಲಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋಯಿತು. ಅವರಲ್ಲಿ ಯಾರೂ ತಮ್ಮ ಮಾಹಿತಿ ಇಟ್ಟುಕೊಳ್ಳಿ ಎಂದು ಆ ಕಂಪನಿಯನ್ನು ಕೇಳಿಕೊಂಡಿರಲಿಲ್ಲ. ಬಾಡಿಗೆ ಮನೆಗೆ, ಹಲವು ರಾಜ್ಯಗಳಲ್ಲಿ ಕಾರಿನ ವಿಮೆಗೆ, ಕೆಲವು ಕಡೆ ಕೆಲಸಕ್ಕೂ ಇದೇ ವರದಿ ನೋಡುತ್ತಾರೆ. ಕಷ್ಟಕಾಲದಲ್ಲಿ ಕಂತು ತಪ್ಪಿಸಿದವನಿಗೆ ಕೆಲಸವನ್ನೂ ಕೊಡದಿದ್ದರೆ ಅವನು ಸಾಲ ತೀರಿಸುವುದು ಹೇಗೆ? ಭಾರತದಲ್ಲಿ ಬ್ಯಾಂಕ್ ನೌಕರಿಗೆ ಇದು ಆಗಲೇ ಕಾಲಿಟ್ಟಿದೆ. ಅದು ಇನ್ನಷ್ಟು ಹರಡಬಾರದು.

ಇನ್ನು ನಾನಿರುವ ಚಿಕಾಗೋದ ಮಾತು. ಸಿಬಿಲ್‌ನ ಒಡೆತನದಲ್ಲಿ ದೊಡ್ಡ ಪಾಲು ಹೊಂದಿರುವ ಟ್ರಾನ್ಸ್‌ಯೂನಿಯನ್‌ನ ಕೇಂದ್ರ ಕಚೇರಿ ಇರುವುದು ಇದೇ ಊರಿನಲ್ಲಿ. ಆದರೂ ಬೆಂಗಳೂರಿನಲ್ಲಿ ವರ್ಷಾನುಗಟ್ಟಲೆ ತಪ್ಪದೆ ಕಂತು ಕಟ್ಟಿದವನ ಚರಿತ್ರೆ ಇಲ್ಲಿಗೆ ತಾನಾಗಿ ಬರುವುದಿಲ್ಲ, ಇಳಿದ ದಿನ ಅವನ ಹಾಳೆ ಖಾಲಿ. ಊರಲ್ಲಿ ಬಿಟ್ಟುಬಂದ ಕಾರ್ಡಿನ ಬಾಕಿ, ನೆಂಟರ ಸಾಲಕ್ಕೆ ಹಾಕಿದ ಜಾಮೀನು ಮಾತ್ರ ಅಲ್ಲಿ ನಮ್ಮ ಹೆಸರಿನಲ್ಲೇ ಇರುತ್ತವೆ. ಹೊರಡುವ ಮೊದಲು ವರದಿ ತರಿಸಿ ನೋಡಿ ಎಂದು ಹೊಸಬರಿಗೆಲ್ಲ ಹೇಳುತ್ತೇನೆ.

ಒಂದು ವಿಷಯದಲ್ಲಿ ಭಾರತ ಮುಂದಿದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ಆದೇಶದ ಪ್ರಕಾರ ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಬ್ಯಾಂಕ್ 21 ದಿನದೊಳಗೆ ಏಜೆನ್ಸಿಗೆ ಮಾಹಿತಿ ಕಳಿಸದಿದ್ದರೆ ದಂಡ ಬ್ಯಾಂಕಿನದು, ಕಳಿಸಿದ ಮೇಲೂ ಏಜೆನ್ಸಿ ತಿದ್ದದಿದ್ದರೆ ಏಜೆನ್ಸಿಯದು. ಅಮೆರಿಕದಲ್ಲಿ ಪರಿಹಾರ ಬೇಕೆಂದರೆ ಸಾಮಾನ್ಯವಾಗಿ ವಕೀಲರನ್ನು ಹಿಡಿದು ಕೋರ್ಟಿಗೆ ಹೋಗಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತದೆ ಸಿಗುವ ಈ 100 ರೂಪಾಯಿಯ ನಿಯಮವನ್ನು ಇವರು ನಮ್ಮಿಂದ ಕಲಿಯಬಹುದು.

ಆದರೆ ಎಷ್ಟು ನೂರು ಬಂದರೂ ತಪ್ಪು ಸಾಲು ವರದಿಯಲ್ಲಿ ಇರುವಷ್ಟು ದಿನ ಮನೆ ಸಾಲ ಸಿಗುವುದಿಲ್ಲ. ಮೈಸೂರು ಬ್ಯಾಂಕ್, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳೆಲ್ಲ 2017ರಿಂದ 2020ರೊಳಗೆ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಅಂಥ ಹಳೆಯ ಸಾಲಗಳ ಕಾಗದಪತ್ರ ಯಾವ ಶಾಖೆಯಲ್ಲಿದೆ ಎಂದು ಹುಡುಕುವ ಹೊರೆ ಗ್ರಾಹಕನ ಮೇಲೆ ಏಕೆ ಬೀಳಬೇಕು? ದೃಢಪಡದ ಮಾಹಿತಿಯನ್ನು ಅಳಿಸುವ ನಿಯಮ ಭಾರತಕ್ಕೂ ಬಂದರೆ ಸಾಲ ಮುಳುಗಿಸಿದವರು ಅದನ್ನು ದುರುಪಯೋಗ ಮಾಡಿಕೊಳ್ಳುತ್ತಾರೆ ಎಂದು ಬ್ಯಾಂಕುಗಳು ಹೇಳಬಹುದು. ಅದಕ್ಕೂ ಅಮೆರಿಕದ ಕಾನೂನಿನಲ್ಲಿ ದಾರಿ ಇದೆ: ಅಳಿಸಿದ ಮಾಹಿತಿ ನಿಜವೆಂದು ಬ್ಯಾಂಕ್ ಆಮೇಲೆ ಪ್ರಮಾಣೀಕರಿಸಿದರೆ, ಅದನ್ನು ಮತ್ತೆ ಸೇರಿಸಿ ಗ್ರಾಹಕನಿಗೆ 5 ಕೆಲಸದ ದಿನಗಳೊಳಗೆ ತಿಳಿಸಬೇಕು. 21ನೇ ಸೆಕ್ಷನ್‌ಗೂ ಇಂಥದೇ ತಿದ್ದುಪಡಿ ಬರಲಿ: 30 ದಿನದೊಳಗೆ ಸಾಲ ಕೊಟ್ಟವರು ಪುರಾವೆ ತೋರಿಸದ ಮಾಹಿತಿಯನ್ನು ಏಜೆನ್ಸಿ ತೆಗೆದುಹಾಕತಕ್ಕದ್ದು.